ಪೊರೆ ಕಟ್ಟಿಕೊಳ್ಳೋದು ಮೊದಲೇ ಗೊತ್ತಾಗುತ್ತಾ? ಎಂಬಿಆರ್ ಪ್ರೆಷರ್ ಮೀಟರಿನ ಕತೆ

ಪುಣೆ, ಹೈದರಾಬಾದ್, ಚೆನ್ನೈ, ಎಲ್ಲೇ ಇರಿ, ದೊಡ್ಡ ಅಪಾರ್ಟ್‌ಮೆಂಟ್ ಆದ್ರೆ ಯಾವುದೋ ಮೂಲೆಯಲ್ಲಿ ಒಂದು ಎಸ್‌ಟಿಪಿ ಇರುತ್ತೆ. ಕೆಲವು ಕಡೆ ಅದು ಎಂಬಿಆರ್, ಅಂದ್ರೆ ಮೆಂಬ್ರೇನ್ ಬಯೋರಿಯಾಕ್ಟರ್. ಅದರ ಪೊರೆ ಕಟ್ಟಿಕೊಂಡು ಖರ್ಚು ಬಂದಾಗಲೇ ನಮಗೆ ಅದರ ನೆನಪಾಗೋದು. ಈ ಕಟ್ಟಿಕೊಳ್ಳೋದನ್ನ ಮುಂಚೆಯೇ ಹಿಡಿಯೋದು ಹೇಗೆ ಅನ್ನೋ ಪ್ರಶ್ನೆಗೂ ಒಂದು ಇತಿಹಾಸ ಇದೆ.

ಶುರು 1914ರ ಮ್ಯಾಂಚೆಸ್ಟರ್‌ನಿಂದ. ಆರ್ಡರ್ನ್ ಮತ್ತು ಲಾಕೆಟ್ ಕೊಳಚೆ ನೀರಿಗೆ ಗಾಳಿ ಊದಿ, ತಳದಲ್ಲಿ ಕೂತ ಕೆಸರನ್ನು ಚೆಲ್ಲದೆ ಮತ್ತೆ ಮತ್ತೆ ಬಳಸಿದರು. ಆ ಕೆಸರಿನ ಬ್ಯಾಕ್ಟೀರಿಯಾಗಳೇ ನೀರನ್ನು ಶುದ್ಧ ಮಾಡಿದವು. ಆದ್ರೆ ಕೆಸರು ಸರಿಯಾಗಿ ತಳ ಸೇರದಿದ್ರೆ ಅದೂ ನೀರಿನ ಜೊತೆ ಹೊರಗೆ ಹೋಗ್ತಿತ್ತು.

1960ರ ದಶಕದ ಕೊನೆಗೆ ಅಮೆರಿಕದ ಡಾರ್-ಆಲಿವರ್ ಕಂಪನಿ, ತಳ ಸೇರಿಸೋ ತೊಟ್ಟಿಯ ಬದಲು ಸೋಸುವ ಪೊರೆಯನ್ನೇ ಇಟ್ಟಿತು. ಪೊರೆ ಇದ್ದದ್ದು ತೊಟ್ಟಿಯ ಹೊರಗೆ. ಕೆಸರನ್ನು ಜೋರಾಗಿ ಪಂಪ್ ಮಾಡ್ಬೇಕು, ಕರೆಂಟ್ ಖರ್ಚು ವಿಪರೀತ. 1989ರಲ್ಲಿ ಜಪಾನಿನ ಕಝುವೊ ಯಾಮಾಮೊಟೊ ಮತ್ತು ಸಂಗಡಿಗರು ಕೊಳವೆಯಂಥ ಪೊರೆಗಳನ್ನು ತೊಟ್ಟಿಯೊಳಗೇ ಮುಳುಗಿಸಿ, ಮೆಲ್ಲಗೆ, ಬಿಟ್ಟು ಬಿಟ್ಟು ನೀರು ಎಳೆದು ತೋರಿಸಿದರು. ಎಂಬಿಆರ್ ಎಲ್ಲೆಡೆ ಹಬ್ಬೋಕೆ ದಾರಿ ಆದದ್ದು ಇದೇ.

ಸಮಸ್ಯೆ ಮಾತ್ರ ಹಾಗೇ ಉಳೀತು. ಪೊರೆಯ ರಂಧ್ರ ಸುಮಾರು 0.04ರಿಂದ 0.4 ಮೈಕ್ರಾನ್. ಬ್ಯಾಕ್ಟೀರಿಯಾ ದಾಟಲ್ಲ ಸರಿ, ಆದ್ರೆ ಅವು ಬಿಡೋ ಅಂಟು ಪೊರೆಗೆ ಹಿಡಿಯುತ್ತೆ. ಕೆಸರು ತುಂಬಿದ ತೊಟ್ಟಿಯಲ್ಲಿ ಅದು ಕಣ್ಣಿಗೆ ಕಾಣಲ್ಲ. ಹಾಗಾಗಿ ಎಂಜಿನಿಯರುಗಳು ಪೊರೆಯ ಎರಡು ಬದಿಯ ಒತ್ತಡದ ವ್ಯತ್ಯಾಸ ನೋಡಿದರು. ಎಳೆಯೋ ನೀರು ಅಷ್ಟೇ ಇದ್ದು ಒತ್ತಡ ಏರ್ತಿದ್ರೆ, ಪೊರೆ ಕಟ್ಟಿಕೊಳ್ತಿದೆ ಅಂತ ಅರ್ಥ.

1995ರಲ್ಲಿ ಇಂಗ್ಲೆಂಡಿನ ರಾಬರ್ಟ್ ಫೀಲ್ಡ್ ಮತ್ತು ಜೊತೆಗಾರರು 'ಕ್ರಿಟಿಕಲ್ ಫ್ಲಕ್ಸ್' ಅನ್ನೋ ಮಿತಿ ಹೇಳಿದರು. ಅದಕ್ಕಿಂತ ಕಡಿಮೆ ವೇಗದಲ್ಲಿ ಎಳೆದ್ರೆ ಪೊರೆ ಕಟ್ಟಲ್ಲ ಅನ್ನೋ ಭರವಸೆ ಹುಟ್ಟಿತು. 2002ರಲ್ಲಿ ಚೋ ಮತ್ತು ಫೇನ್ ಆ ಭರವಸೆಯ ಇನ್ನೊಂದು ಮುಖ ತೋರಿಸಿದರು. ಮಿತಿಯೊಳಗೇ ನಡೆಸಿದ್ರೂ ಒತ್ತಡ ಬಹಳ ದಿನ ಇಷ್ಟಿಷ್ಟೇ ಏರಿ, ಆಮೇಲೆ ಒಮ್ಮೆಲೇ ಜಿಗಿಯುತ್ತೆ!

ಯಾಕೆ? ನಮ್ಮ ಐಟಿ ಜನಕ್ಕೆ ಇದು ಬೇಗ ಅರ್ಥ ಆಗುತ್ತೆ. ಹತ್ತು ಸರ್ವರ್‌ನಲ್ಲಿ ಎರಡು ಬಿದ್ರೆ ಅವುಗಳ ಲೋಡ್ ಉಳಿದ ಎಂಟರ ಮೇಲೆ. ಹಾಗೇ ಪೊರೆಯ ಕೆಲವು ಭಾಗ ಮುಚ್ಚಿದ್ರೆ ಉಳಿದ ಭಾಗದಲ್ಲಿ ನೀರಿನ ವೇಗ ಹೆಚ್ಚುತ್ತೆ. ಅಲ್ಲಿ ಮಿತಿ ದಾಟಿದ ಕೂಡಲೇ ಅವೂ ಸರಸರ ಮುಚ್ಚಿಕೊಳ್ತವೆ. ಒಟ್ಟು ಲೆಕ್ಕದಲ್ಲಿ ಅಲ್ಲಿವರೆಗೂ ಎಲ್ಲ ಸರಿಯಾಗೇ ಕಾಣ್ತಿರುತ್ತೆ.

ಜಿಗಿದ ಮೇಲೆ ಎಚ್ಚರ ಆದ್ರೆ ತಡ. ಆಗ ಹೈಪೋಕ್ಲೋರೈಟ್ ಹಾಕಿ ಗಟ್ಟಿಯಾಗಿ ತೊಳೀಬೇಕು, ಪದೇ ಪದೇ ಹಾಗೆ ತೊಳೆದ್ರೆ ಪೊರೆಯ ಆಯಸ್ಸೂ ಕಡಿಮೆ. ಆದ್ದರಿಂದ ನೋಡಬೇಕಾದ್ದು ಇವತ್ತಿನ ಒಂದು ರೀಡಿಂಗ್ ಅಲ್ಲ, ವಾರದಿಂದ ವಾರಕ್ಕೆ ಅದು ಏರುವ ವೇಗ. ಜೊತೆಗೆ ನೀರಿನ ಉಷ್ಣಾಂಶವನ್ನೂ ಬರೆದಿಡಬೇಕು. ದೆಹಲಿಯ ಚಳಿಗೆ ನೀರು ಮಂದವಾಗಿ, ಪೊರೆ ಚೆನ್ನಾಗಿದ್ರೂ ಒತ್ತಡ ಏರುತ್ತೆ.

ಮುಂದಿನ ಅಸೋಸಿಯೇಷನ್ ಮೀಟಿಂಗ್‌ನಲ್ಲಿ "ಎಸ್‌ಟಿಪಿ ಓಡ್ತಿದೆಯಾ?" ಅಂತ ಕೇಳೋ ಬದಲು "ಮೂರು ತಿಂಗಳ ಒತ್ತಡದ ಗ್ರಾಫ್ ತೋರಿಸಿ" ಅಂತ ಕೇಳಿ. ಮತ್ತೆ ಸಿಗೋಣ.