ಮೇಲಿನ ಮಹಡಿಯ ಷವರಿಗೆ ನೀರೇಕೆ ಜೋರಾಗಿ ಬರದು?

ಯಲಹಂಕದಲ್ಲೋ ಆರ್.ಟಿ. ನಗರದಲ್ಲೋ ಮೂರು ಅಂತಸ್ತಿನ ಒಂದು ಮನೆಯನ್ನು ನೆನೆಸಿಕೊಳ್ಳಿ. ನೆಲಮಹಡಿಯವರು ಷವರ್ ತಿರುಗಿಸಿದರೆ ನೀರು ಸುರಿಮಳೆಯಾಗಿ ಬೀಳುತ್ತದೆ. ಅದೇ ಟ್ಯಾಂಕಿನ ನೀರು ಮೇಲಿನ ಮಹಡಿಯಲ್ಲಿ ಎಳೆಯೆಳೆಯಾಗಿ ಇಳಿಯುತ್ತದೆ. ಟ್ಯಾಂಕಿಗೆ ಹತ್ತಿರವಿರುವುದು ಮೇಲಿನ ಮನೆಯೇ; ಆದರೂ ಹೀಗೇಕೆ? ಬಾಡಿಗೆದಾರರು ಮಾಲೀಕರನ್ನು, ಮಾಲೀಕರು ಪ್ಲಂಬರನ್ನು, ಪ್ಲಂಬರು ನೀರು ಬಿಡುವವರನ್ನು ದೂರುತ್ತಾರೆ. ಯಾರೂ ದೂರದಿರುವುದು ಎತ್ತರವನ್ನು. ನೋಡಹೋದರೆ, ಬೆಂಗಳೂರಿನ ನೀರಿನ ಚರಿತ್ರೆಯೆಲ್ಲ ಈ ಎತ್ತರದೊಡನೆ ನಡೆದ ಹೋರಾಟವೇ ಆಗಿದೆ.

ನಮ್ಮ ಅಜ್ಜಿಯರ ಬಚ್ಚಲುಮನೆಯಲ್ಲಿ ಈ ತೊಡಕಿರಲಿಲ್ಲ. ಒಲೆಯ ಮೇಲೆ ಹಂಡೆ, ಕೈಯಲ್ಲಿ ಚೊಂಬು. ಬಾವಿಯಿಂದ ಸೇದಿ, ಬಿಂದಿಗೆಯಲ್ಲಿ ಹೊತ್ತು ನೀರನ್ನು ಮೇಲಕ್ಕೆ ತರುತ್ತಿದ್ದುದು ತೋಳಿನ ಬಲ, ಅದರಲ್ಲೂ ಹೆಚ್ಚಾಗಿ ಹೆಂಗಸರ ತೋಳಿನ ಬಲ. ಊರಿಗೆ ಕೆರೆ, ಕಲ್ಯಾಣಿ, ಬಾವಿಗಳೇ ಆಧಾರವಾಗಿದ್ದವು. 19ನೇ ಶತಮಾನದ ಕೊನೆಯ ಹೊತ್ತಿಗೆ ಬೆಳೆಯುತ್ತಿದ್ದ ಊರಿಗೆ ಇವು ಸಾಲದಾದವು. 1870ರ ದಶಕದ ಭೀಕರ ಬರ ಆ ಕೊರತೆಯನ್ನು ಎಲ್ಲರ ಕಣ್ಣಿಗೂ ಕಾಣುವಂತೆ ಮಾಡಿತು. 1882ರಲ್ಲಿ ಸ್ಯಾಂಕಿ ಕೆರೆ ಆಯಿತು. ಅದೂ ಸಾಲಲಿಲ್ಲ.

ಆಗ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಊರಿನ ವಾಯವ್ಯಕ್ಕಿರುವ ಹೆಸರಘಟ್ಟದತ್ತ ಗಮನ ಹರಿಯಿತು. ಅರ್ಕಾವತಿಯ ಆ ಕೆರೆಯಿಂದ ನೀರು ತರುವ ಯೋಜನೆಗೆ ಚಾಮರಾಜೇಂದ್ರ ಒಡೆಯರ ಹೆಸರಿಟ್ಟರು. 1896ರಲ್ಲಿ ನೀರು ಬಂತು. ಕೆರೆಯ ನೀರು ಇಟ್ಟಿಗೆಯ ಕಾಲುವೆಯಲ್ಲಿ ಯಾವ ಯಂತ್ರದ ಹಂಗೂ ಇಲ್ಲದೆ, ಇಳಿಜಾರನ್ನೇ ನಂಬಿ ಹರಿದು ಬರುತ್ತಿತ್ತು. ಸೋಲದೇವನಹಳ್ಳಿಯವರೆಗೆ ಬಂದ ಮೇಲೆ ಮುಂದೆ ಏರು. ಅಲ್ಲಿ ಉಗಿಯಂತ್ರಗಳನ್ನು ಹೂಡಿ ನೀರನ್ನು ಎತ್ತಿ, ಯಶವಂತಪುರಕ್ಕೆ ಹೊಂದಿಕೊಂಡಂತಿರುವ ಎತ್ತರದ ಮಲ್ಲೇಶ್ವರದ ಕಡೆಗೆ ಕಳುಹಿಸುತ್ತಿದ್ದರು. ಎತ್ತರದಲ್ಲಿ ಶೇಖರಿಸಿದ ನೀರು ತಗ್ಗಿನ ಪೇಟೆಯ ನಲ್ಲಿಗಳಿಗೆ ತಾನಾಗಿ ಇಳಿಯುತ್ತದೆ. ಇಂದು ನಮ್ಮ ತಾರಸಿಯ ಟ್ಯಾಂಕು ಮಾಡುವುದೂ ಇದನ್ನೇ.

ಆ ದಿನಗಳಲ್ಲಿ ಉತ್ತರ ಬೆಂಗಳೂರು ನೀರಿನ ಹೆಬ್ಬಾಗಿಲಾಗಿತ್ತು. 1920ರ ದಶಕದಲ್ಲಿ ಹೆಸರಘಟ್ಟದ ಕೆರೆ ಬತ್ತಿತು. 1933ರಲ್ಲಿ ಪಶ್ಚಿಮದ ತಿಪ್ಪಗೊಂಡನಹಳ್ಳಿಯಿಂದ ನೀರು ಬಂತು. 1964ರಲ್ಲಿ ಜಲಮಂಡಳಿ ಹುಟ್ಟಿತು; 1974ರಲ್ಲಿ ಕಾವೇರಿ ಬಂದಳು. ಅಲ್ಲಿಗೆ ದಿಕ್ಕು ತಲೆಕೆಳಗಾಯಿತು. ಕಾವೇರಿ ಇರುವುದು ದಕ್ಷಿಣದಲ್ಲಿ, ಸುಮಾರು 100 ಕಿಲೋಮೀಟರ್ ದೂರದಲ್ಲಿ, ಊರಿಗಿಂತ ಬಹಳ ತಗ್ಗಿನಲ್ಲಿ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪು ಮಾಡಿ ನೀರನ್ನು ತರಬೇಕು. ಪೈಪಿನೊಳಗಿನ ಘರ್ಷಣೆಯನ್ನೂ ಲೆಕ್ಕ ಹಿಡಿದರೆ ಪಂಪುಗಳು ಗೆಲ್ಲಬೇಕಾದ ಎತ್ತರ ಸುಮಾರು 500 ಮೀಟರ್. ಜಲಮಂಡಳಿಯ ಖರ್ಚಿನಲ್ಲಿ ವಿದ್ಯುತ್ತಿನದೇ ದೊಡ್ಡ ಪಾಲಾಗಿರುವುದು ಇದರಿಂದಲೇ.

ಹೀಗೆ ಹೆಬ್ಬಾಗಿಲಾಗಿದ್ದ ಉತ್ತರ ಭಾಗ ಪೈಪಿನ ಬಾಲದ ತುದಿಯಾಯಿತು. ಊರಿನ ಅತಿ ಎತ್ತರದ ಜಾಗ ಎನ್ನಲಾಗುವ, ಸಮುದ್ರ ಮಟ್ಟದಿಂದ 962 ಮೀಟರ್ ಮೇಲಿರುವ ದೊಡ್ಡಬೆಟ್ಟಹಳ್ಳಿ ಇರುವುದೂ ಯಲಹಂಕದ ಮಗ್ಗುಲಲ್ಲೇ. ಯಲಹಂಕ, ಬ್ಯಾಟರಾಯನಪುರಗಳು ಮಹಾನಗರ ಪಾಲಿಕೆಗೆ ಸೇರಿದ್ದು 2007ರಲ್ಲಿ. ಆಗ ಸೇರಿದ 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೇ ಹಂತ ಉದ್ಘಾಟನೆಯಾಗಲು 2024ರ ಅಕ್ಟೋಬರ್ ಬರಬೇಕಾಯಿತು. ನಡುವಿನ ವರ್ಷಗಳಲ್ಲಿ ಅನೇಕ ಬಡಾವಣೆಗಳಿಗೆ ಬೋರ್‌ವೆಲ್ ಮತ್ತು ಟ್ಯಾಂಕರುಗಳೇ ಗತಿಯಾದವು.

ನಲ್ಲಿಯಲ್ಲಿ ನೀರು ಹಗಲಿರುಳೂ ಬರುವುದಿಲ್ಲವಾದ್ದರಿಂದ ಬೆಂಗಳೂರಿನ ಮನೆಮನೆಗೂ ಸಂಪು ಬಂತು. ಕಾವೇರಿಯನ್ನು ಅಷ್ಟು ಎತ್ತರ ಹತ್ತಿಸಿದ ಒತ್ತಡವೆಲ್ಲ ನಮ್ಮ ಗೇಟಿನ ಬಳಿಯ ಸಂಪಿಗೆ ಬಿದ್ದಲ್ಲಿಗೆ ಮುಗಿಯಿತು. ಅಲ್ಲಿಂದ ನಮ್ಮ ಮೋಟಾರು ನೀರನ್ನು ತಾರಸಿಗೆ ಏರಿಸಬೇಕು. ಷವರಿಗೆ ಸಿಗುವುದು ಟ್ಯಾಂಕಿನಿಂದ ಇಳಿಯುವ ಎತ್ತರದ ಬಲವೊಂದೇ.

ಲೆಕ್ಕ ಸರಳ. 10 ಮೀಟರ್ ಎತ್ತರದ ನೀರು ಒಂದು ಚದರ ಸೆಂಟಿಮೀಟರಿನ ಮೇಲೆ ಹೆಚ್ಚುಕಡಿಮೆ ಒಂದು ಕಿಲೋ ಭಾರ ಹೇರುತ್ತದೆ. ಟ್ಯಾಂಕು ತಾರಸಿಯಿಂದ 1 ಮೀಟರ್ ಮೇಲಿದ್ದು, ಒಂದೊಂದು ಅಂತಸ್ತು 3 ಮೀಟರ್ ಇದ್ದರೆ, ನೆಲಮಹಡಿಯ ಷವರಿಗೂ ಟ್ಯಾಂಕಿಗೂ ನಡುವೆ 8 ಮೀಟರ್ ಅಂತರ. ಮೇಲಿನ ಮಹಡಿಯ ಷವರಿಗೆ 2 ಮೀಟರ್ ಮಾತ್ರ. ಹತ್ತಿರವಿದ್ದದ್ದೇ ಮೇಲಿನವರ ದೌರ್ಭಾಗ್ಯ!

ಪರಿಹಾರವೂ ಈ ಲೆಕ್ಕದಲ್ಲೇ ಇದೆ. ಮೊದಲು ಖರ್ಚಿಲ್ಲದ್ದನ್ನು ನೋಡಿ. ಬೋರ್‌ವೆಲ್ಲಿನ ಗಡಸು ನೀರು ಷವರಿನ ತೂತುಗಳಲ್ಲಿ ಬಿಳಿ ಸುಣ್ಣ ಕಟ್ಟಿಸುತ್ತದೆ. ಷವರ್ ಬಿಚ್ಚಿ, ನಿಂಬೆರಸ ಅಥವಾ ವಿನೆಗರ್ ಬೆರೆಸಿದ ನೀರಿನಲ್ಲಿ ರಾತ್ರಿ ನೆನೆಸಿಟ್ಟು ಉಜ್ಜಿದರೆ ಅದು ಬಿಡುತ್ತದೆ. ಟ್ಯಾಂಕಿನ ಕೆಳಗಿನ ವಾಲ್ವ್ ಪೂರ್ತಿ ತೆರೆದಿದೆಯೇ ನೋಡಬೇಕು. ಟ್ಯಾಂಕು ಬರಿದಾಗಿ ತುಂಬಿದ ಮೇಲೆ ತೊಂದರೆ ಶುರುವಾಗಿದ್ದರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿರಬಹುದು. ಹಳೆಯ ಕಬ್ಬಿಣದ ಪೈಪುಗಳು ಒಳಗೊಳಗೇ ತುಕ್ಕು ಹಿಡಿದು ಕಿರಿದಾಗಿರುತ್ತವೆ. ಅವನ್ನು ಬದಲಿಸುವಾಗ ಟ್ಯಾಂಕಿನಿಂದ ಇಳಿಯುವ ಪೈಪನ್ನು ದಪ್ಪದ್ದೇ ಹಾಕಿಸಬೇಕು. ಟ್ಯಾಂಕನ್ನು ಇನ್ನೆರಡು ಮೀಟರ್ ಎತ್ತರಿಸಿದರೆ ಮೇಲಿನ ಮಹಡಿಯ ಒತ್ತಡ ಇಮ್ಮಡಿಯಾಗುತ್ತದೆ. ಆದರೆ ತುಂಬಿದ ಸಾವಿರ ಲೀಟರಿನ ಟ್ಯಾಂಕು ಒಂದು ಟನ್ ತೂಗುತ್ತದೆ. ಅದನ್ನು ಹೊರುವ ಶಕ್ತಿ ಕಟ್ಟಡಕ್ಕಿದೆಯೇ ಎಂದು ಇಂಜಿನಿಯರನ್ನು ಕೇಳದೆ ಕೈಹಾಕಬಾರದು. ಇದಾವುದೂ ಆಗದಿದ್ದರೆ ಕೊನೆಯದು, ಟ್ಯಾಂಕಿನ ನಂತರ ಕೂರಿಸುವ ಪುಟ್ಟ ಪ್ರೆಷರ್ ಪಂಪು.

ಮಾಡಬಾರದ್ದು ಒಂದಿದೆ. ಬೀದಿಯ ಪೈಪಿಗೇ ನೇರವಾಗಿ ಮೋಟಾರು ಹಚ್ಚಿ ನೀರು ಎಳೆಯುವುದು. ಅದು ಕಾನೂನಿಗೆ ವಿರುದ್ಧ. ಹಾಗೆ ಎಳೆದಾಗ ಪೈಪಿನ ಬಿರುಕುಗಳಿಂದ ಚರಂಡಿಯ ಕೊಳೆಯೂ ಒಳನುಗ್ಗಬಹುದು. ಅದಕ್ಕಿಂತ ಮುಖ್ಯವಾಗಿ, ಬೀದಿಯ ಕೊನೆಯಲ್ಲಿ, ಏರಿನಲ್ಲಿರುವ ಮನೆಯ ನಲ್ಲಿ ಅಷ್ಟು ಹೊತ್ತೂ ಬರೀ ಗಾಳಿ ಊದುತ್ತದೆ. ಸಂಪು ಕಟ್ಟಿಸಲಾಗದೆ ನಲ್ಲಿಯಡಿ ಕೊಡವಿಟ್ಟು ಕಾಯುವವರು ಆ ಮನೆಯಲ್ಲಿರಬಹುದು.

2024ರ ಬೇಸಿಗೆಯ ಬವಣೆಯಲ್ಲಿ ಜಲಮಂಡಳಿ ಅಪಾರ್ಟ್‌ಮೆಂಟುಗಳ, ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ನೀರು ತಗ್ಗಿಸುವ ಏರೇಟರ್ ಹಾಕಿಸಬೇಕೆಂದು ಕಟ್ಟಪ್ಪಣೆ ಮಾಡಿತು. ಆಗ ಊರಿಗೆ ಊರೇ ತನ್ನ ನಲ್ಲಿಯನ್ನು ಸಣ್ಣದು ಮಾಡಿಕೊಳ್ಳಬೇಕಾಯಿತು. ನಿಮಿಷಕ್ಕೆ 10 ಲೀಟರ್ ಸುರಿಸುವ ಷವರಿನಡಿ 10 ನಿಮಿಷ ನಿಂತರೆ 100 ಲೀಟರ್ ಹೋಗುತ್ತದೆ. ಅಜ್ಜಿಗೆ ಒಂದು ಬಕೆಟ್ಟು ಸಾಕಾಗಿತ್ತು. ಷವರನ್ನು ಸರಿಪಡಿಸಿಕೊಳ್ಳೋಣ, ತಪ್ಪೇನಿಲ್ಲ. ಆದರೆ ತಲೆಯ ಮೇಲೆ ಬೀಳುವ ನೀರು ಎಷ್ಟು ಎತ್ತರ ಹತ್ತಿ ಬಂದಿದೆ ಎಂಬುದು ನೆನಪಿದ್ದರೆ, ನಲ್ಲಿ ನಿಲ್ಲಿಸುವ ಕೈಯೂ ಸ್ವಲ್ಪ ಬೇಗ ಮೇಲೇಳುತ್ತದೆ.