ದೇವರಾಯಸಮುದ್ರ ಸೀಮೆಯಲ್ಲಿ ಬಾಲ್ಯದ ಓದು: ಕಡತವೂ ನೆನಪೂ

ಒಂದು ಪ್ರಾಂತದ ಗ್ರಂಥಾಲಯಗಳ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಕಾಯಿದೆ, ಸರ್ಕಾರದ ಆಜ್ಞೆ, ಕಟ್ಟಡದ ಪ್ರಾರಂಭೋತ್ಸವ, ಪುಸ್ತಕಗಳ ಸಂಖ್ಯೆ ಇವುಗಳಿಂದ ಮೊದಲುಮಾಡುತ್ತಾರೆ. ಅದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಈ ಕ್ರಮದಲ್ಲಿ ರಚಿತವಾದ ಚರಿತ್ರೆಯಲ್ಲಿ ಓದುಗನು, ಅದರಲ್ಲೂ ಆಗತಾನೆ ಅಕ್ಷರ ಕೂಡಿಸಿ ಓದಲು ಕಲಿತ ಬಾಲಕನು, ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಅವನನ್ನು ಕಾಣಬೇಕಾದರೆ ನೆನಪುಗಳ ಬಾಗಿಲಿಗೆ ಹೋಗಬೇಕು. ನೆನಪಾದರೋ ಚರಿತ್ರಕಾರನು ಸುಲಭವಾಗಿ ನಂಬತಕ್ಕ ಸಾಕ್ಷಿಯಲ್ಲ. ಈ ತೊಡಕನ್ನು ಒಂದು ಸಣ್ಣ ಸೀಮೆಯ ಮಟ್ಟಿಗೆ, ನಮ್ಮ ಬಾಲ್ಯವನ್ನೂ ಸಾಕ್ಷಿಯಾಗಿ ಕರೆದು, ಇಲ್ಲಿ ಪರಿಶೀಲಿಸಿದ್ದೇವೆ.

ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ, ಹೆಬ್ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಬೆಟ್ಟದ ಬಳಿ, ದೇವರಾಯಸಮುದ್ರವಿದೆ. ಸಮುದ್ರವೆಂದರೆ ಇಲ್ಲಿ ಕೆರೆ; ದೇವರಾಯನೆಂಬುದು ವಿಜಯನಗರದ ಅರಸರು ಧರಿಸಿದ ಹೆಸರು. ಪ್ರೌಢದೇವರಾಯನ ಕಾಲದಲ್ಲಿ ಮುಳಬಾಗಿಲು ರಾಜ್ಯವನ್ನು ಆಳಿದ ಲಕ್ಕಣ್ಣ ದಂಡೇಶನು 'ಶಿವತತ್ತ್ವಚಿಂತಾಮಣಿ'ಯ ಕರ್ತೃವೂ ಹೌದು. ಆದ್ದರಿಂದ ಈ ಸೀಮೆಗೆ ಗ್ರಂಥಸಂಪರ್ಕವು ಹೊಸದಲ್ಲ. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವನ್ನು ತಿರುವಿದವರಿಗೆ ಈ ಜಿಲ್ಲೆಯ ಕಲ್ಲುಗಳ ಮೇಲೆ ಕನ್ನಡ, ತಮಿಳು, ತೆಲುಗು ಮೂರೂ ದೊರೆಯುತ್ತವೆ. ಕಲ್ಲಿನ ಮೇಲಿರುವ ಈ ಸ್ಥಿತಿಯೇ ಮನೆಗಳೊಳಗೂ ಇದ್ದಿತೆಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಹೇಳುವ ಸಂಗತಿಗಳಿಗೆ ಅದೇ ತಳಹದಿ.

ಕಾಯಿದೆಯ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. ಬೆಂಗಳೂರಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ಸಾರ್ವಜನಿಕ ಗ್ರಂಥಾಲಯವು 1915ರಲ್ಲಿ ಸ್ಥಾಪಿತವಾಯಿತು. ಮೈಸೂರು ನಗರಕ್ಕೂ ಆ ಕಾಲದಲ್ಲಿಯೇ ಅಂಥ ಸೌಕರ್ಯ ದೊರಕಿತು. ಮಲೆನಾಡಿನಿಂದ ಬಂದು ಮೈಸೂರಿನಲ್ಲಿ ಓದುತ್ತಿದ್ದ ಕುವೆಂಪು ಅವರಿಗೆ ಅಲ್ಲಿಯ ಸಾರ್ವಜನಿಕ ಗ್ರಂಥಾಲಯವು ಏನಾಗಿತ್ತೆಂಬುದನ್ನು ಅವರ 'ನೆನಪಿನ ದೋಣಿಯಲ್ಲಿ' ಓದಿದವರು ಬಲ್ಲರು. ರಾಜ್ಯಕ್ಕೆಲ್ಲ ಅನ್ವಯಿಸುವ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಆದದ್ದು 1965ರಲ್ಲಿ. ಮರುವರ್ಷ ಅದು ಜಾರಿಗೆ ಬಂದಿತು. ಅದರ ಫಲವು ಜಿಲ್ಲಾ ಕೇಂದ್ರವನ್ನು ದಾಟಿ ಹಳ್ಳಿಗಳವರೆಗೆ ಹರಿಯಲು ಮತ್ತೆ ಬಹುಕಾಲ ಹಿಡಿಯಿತು. ಹೀಗಾಗಿ, ಕಾಯಿದೆಯನ್ನೇ ಆಧಾರವಾಗಿಟ್ಟುಕೊಂಡರೆ, ಅರುವತ್ತರ ದಶಕದಲ್ಲಿ ಮುಳಬಾಗಿಲು ತಾಲ್ಲೂಕಿನ ಹಳ್ಳಿಯ ಹುಡುಗನಿಗೆ ಗ್ರಂಥಾಲಯವೇ ಇರಲಿಲ್ಲವೆಂದು ತೀರ್ಮಾನಿಸಬೇಕಾಗುತ್ತದೆ. ಆ ತೀರ್ಮಾನ ಸರಿಯೆ?

ಈ ಪ್ರಶ್ನೆಗೆ ಮುಳಬಾಗಿಲಿನವರೇ ಆದ ಒಬ್ಬ ಮಹನೀಯರ ಜೀವನದಿಂದ ಸ್ವಲ್ಪ ಬೆಳಕು ಬೀಳುತ್ತದೆ. ಡಿ. ವಿ. ಗುಂಡಪ್ಪನವರು ಹುಟ್ಟಿದ್ದು 1887ರಲ್ಲಿ, ಅದೇ ಊರಿನಲ್ಲಿ. ಶಾಲೆಯ ದಾಖಲೆಯನ್ನು ಮಾತ್ರ ನೋಡುವವನಿಗೆ ಅವರು ಮೆಟ್ರಿಕ್ಯುಲೇಷನ್ ದಾಟದ ವಿದ್ಯಾರ್ಥಿ. ಅದೇ ವಿದ್ಯಾರ್ಥಿಗೆ ಮೈಸೂರು ವಿಶ್ವವಿದ್ಯಾನಿಲಯವು 1961ರಲ್ಲಿ ಡಿ.ಲಿಟ್. ಪದವಿಯನ್ನಿತ್ತು ಗೌರವಿಸಿತು. ಈ ಎರಡು ದಾಖಲೆಗಳ ನಡುವೆ ಅವರ ಓದು ಎಲ್ಲಿ ನಡೆಯಿತೆಂಬುದನ್ನು ಹೇಳುವ ಕಡತ ಯಾವುದೂ ಇಲ್ಲ. ಅದಕ್ಕಾಗಿ ಅವರ 'ಜ್ಞಾಪಕ ಚಿತ್ರಶಾಲೆ'ಗೆ ಹೋಗಬೇಕು. ಅಲ್ಲಿ ಕಾಣುವುದು ಕಟ್ಟಡಗಳಲ್ಲ, ಜನ. ಮನೆಯ ಹಿರಿಯರು, ಪಾಠ ಹೇಳಿದವರು, ಪುರಾಣ ಹೇಳಿದವರು. 1945ರಲ್ಲಿ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರಸಂಸ್ಥೆಯಲ್ಲಿ ಗ್ರಂಥಾಲಯಕ್ಕೆ ಮುಖ್ಯಸ್ಥಾನ ದೊರೆತದ್ದು ಆಕಸ್ಮಿಕವಲ್ಲವೆಂದು ನಮ್ಮ ಭಾವನೆ. 1970ರಲ್ಲಿ ಸಾರ್ವಜನಿಕರು ಅರ್ಪಿಸಿದ ನಿಧಿಯನ್ನೂ ಅವರು ಆ ಸಂಸ್ಥೆಗೇ ಕೊಟ್ಟುಬಿಟ್ಟರು.

ಇನ್ನು ನಮ್ಮ ಸಾಕ್ಷ್ಯ. ದೇವರಾಯಸಮುದ್ರಕ್ಕೆ ಸಮೀಪದ ಒಂದು ಹಳ್ಳಿಯ ಶಾಲೆಯಲ್ಲಿ ನಾವು ಓದಿದೆವು. ಗ್ರಂಥಾಲಯವೆಂದು ನಾವು ಕರೆಯುತ್ತಿದ್ದುದು ಮುಖ್ಯೋಪಾಧ್ಯಾಯರ ಮೇಜಿನ ಹಿಂದಿದ್ದ ಒಂದು ಮರದ ಬೀರು. ಅದರ ಬೀಗದ ಕೈ ಮೇಷ್ಟರ ಜನಿವಾರಕ್ಕೆ ಕಟ್ಟಿರುತ್ತಿತ್ತು. ಶನಿವಾರದ ಬೆಳಗಿನ ತರಗತಿ ಮುಗಿದ ಮೇಲೆ ಬೀರು ತೆರೆಯುವ ಪದ್ಧತಿ. ತೆರೆದೊಡನೆ ಹೊರಬರುತ್ತಿದ್ದ ನುಸಿಗುಳಿಗೆಯ ವಾಸನೆಯು ಇಂದಿಗೂ ನಮಗೆ ಪುಸ್ತಕದ ವಾಸನೆಯೇ ಆಗಿ ಉಳಿದಿದೆ. ಪ್ರತಿಯೊಂದು ಪುಸ್ತಕಕ್ಕೂ ಕಂದುಬಣ್ಣದ ಹೊದಿಕೆ. ಮೊದಲ ಪುಟದಲ್ಲಿ ಶಾಲೆಯ ಮುದ್ರೆ, ಮತ್ತೆ ಒಳಗೆಲ್ಲೋ ಒಂದು ಗೊತ್ತಾದ ಪುಟದಲ್ಲಿ ಅದೇ ಮುದ್ರೆ. ಕದ್ದವನು ಮೊದಲ ಪುಟವನ್ನು ಹರಿದರೂ ಒಳಗಿನ ಮುದ್ರೆ ಸಾಕ್ಷಿ ಹೇಳಲೆಂಬ ಉಪಾಯವಿದು. ಆ ಗುಟ್ಟಿನ ಪುಟ ಯಾವುದೆಂದು ಕಂಡುಹಿಡಿಯುವುದರಲ್ಲಿಯೇ ನಾವು ಕೆಲವು ಪುಸ್ತಕಗಳನ್ನು ಕೊನೆಯವರೆಗೆ ತಿರುವಿದ್ದುಂಟು.

ಬೀರುವಿಗೆ ಬೀಗವೇಕೆಂದು ಆಗ ನಮಗೆ ಕೋಪ ಬರುತ್ತಿತ್ತು. ಪುಸ್ತಕವಿರುವುದು ಬಳಕೆಗೇ ಹೊರತು ಕಾಪಿಡುವುದಕ್ಕಲ್ಲವೆಂಬ ತತ್ತ್ವವನ್ನು ಎಸ್. ಆರ್. ರಂಗನಾಥನ್ ಅವರು 1931ರಲ್ಲಿಯೇ ಪ್ರತಿಪಾದಿಸಿದ್ದರು. ಅವರು 1957ರಿಂದ ನಮ್ಮ ಬೆಂಗಳೂರಿನಲ್ಲಿಯೇ ನೆಲೆಸಿದ್ದರು. ಆದರೆ ಹಳ್ಳಿಯ ಮೇಷ್ಟರು ವರ್ಗವಾಗಿ ಹೋಗುವಾಗ ದಾಸ್ತಾನು ಪುಸ್ತಕವನ್ನು ಮುಂದಿಟ್ಟುಕೊಂಡು ಒಂದೊಂದನ್ನೂ ಎಣಿಸಿ ಒಪ್ಪಿಸಬೇಕು. ಕಡಿಮೆಯಾದುದರ ಬೆಲೆ ಅವರ ಸಂಬಳಕ್ಕೆ. ತತ್ತ್ವವು ಎಷ್ಟೇ ಉನ್ನತವಾಗಿರಲಿ, ಈ ಲೆಕ್ಕದ ಮುಂದೆ ಅದು ನಿಲ್ಲುತ್ತಿರಲಿಲ್ಲ. ಬೀಗ ಹಾಕಿದವರನ್ನು ಜಿಪುಣರೆಂದು ಬರೆದ ಲೇಖನಗಳನ್ನು ನಾವು ಕಂಡಿದ್ದೇವೆ. ಅವನ್ನು ಬರೆದವರು ದಾಸ್ತಾನು ಪುಸ್ತಕವನ್ನು ಕಂಡವರಲ್ಲ.

ಭಾಷೆಯ ವಿಷಯಕ್ಕೆ ಬರೋಣ. ನಮ್ಮ ಮನೆಯ ಮಾತು ತೆಲುಗು; ಸುತ್ತಣ ಹಲವು ಮನೆಗಳದೂ ಅದೇ. ಶಾಲೆಯ ಅಕ್ಷರ ಮಾತ್ರ ಕನ್ನಡ. 'ಚಂದಮಾಮ'ವು ತೆಲುಗಿನಲ್ಲಿ 1947ರಲ್ಲಿ, ಕನ್ನಡದಲ್ಲಿ 1949ರಲ್ಲಿ ಹೊರಟಿತು. ಎರಡರಲ್ಲಿಯೂ ಚಿತ್ರಗಳು ಅವೇ; ಲಿಪಿಗಳೂ ಅಕ್ಕತಂಗಿಯರಂತೆ ಹೋಲುವಂಥವು. ಹೊಲದ ಕೆಲಸ ಮುಗಿಸಿ ಬಂದ ನಮ್ಮ ಅವ್ವ (ತೆಲುಗು ಮನೆಗಳಲ್ಲಿ ಅಜ್ಜಿಯನ್ನು ಹೀಗೆ ಕರೆಯುವುದು) ಜಗಲಿಯ ಮೇಲೆ ಕುಳಿತು, "ಚದವರಾ ಅಬ್ಬಾಯಿ" ಎನ್ನುವರು. ಕನ್ನಡದ ವಾಕ್ಯವನ್ನು ಕಣ್ಣಿನಿಂದ ಓದಿ ಬಾಯಿಂದ ತೆಲುಗಿನಲ್ಲಿ ಹೇಳಬೇಕು. ಬೇತಾಳನ ಪ್ರಶ್ನೆಗೆ ವಿಕ್ರಮನು ಉತ್ತರ ಹೇಳುವ ಮೊದಲೇ ಅವ್ವ ಉತ್ತರ ಹೇಳಿಬಿಡುವರು. ಅನೇಕವೇಳೆ ಅದು ವಿಕ್ರಮನ ಉತ್ತರಕ್ಕಿಂತ ನಮಗೆ ಮೆಚ್ಚಿಗೆಯಾಗುತ್ತಿತ್ತು. ಗಡಿನಾಡಿನಲ್ಲಿ ಕನ್ನಡವು ಹೇರಿಕೆಯಾಯಿತೆ, ಒಲವಾಯಿತೆ ಎಂಬ ಚರ್ಚೆಯಲ್ಲಿ ಈ ಜಗಲಿಯ ಓದನ್ನು ಯಾರೂ ಗಣಿಸಿದಂತೆ ಕಾಣೆವು. ಮಾಲೂರು ತಾಲ್ಲೂಕಿನಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. ಅವರು ಕನ್ನಡದ ಸಣ್ಣಕಥೆಗೆ ಅಡಿಗಲ್ಲಿಟ್ಟರು. ಈ ಜಿಲ್ಲೆಯಲ್ಲಿ ಕನ್ನಡವು ಬಹುಮಂದಿಗೆ ಹೆತ್ತ ಭಾಷೆಯಲ್ಲ, ಓದಿದ ಭಾಷೆ. ಇದನ್ನು ಬಿಟ್ಟು ಇಲ್ಲಿಯ ಗ್ರಂಥಾಲಯದ ಚರಿತ್ರೆಯನ್ನು ಬರೆಯುವುದು ಸಾಧ್ಯವಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಸಾಕ್ಷ್ಯವನ್ನು ನಾವೇ ಪಾಟೀಸವಾಲಿಗೆ ಒಳಪಡಿಸಬೇಕಾಗಿದೆ. ನಾಲ್ಕನೆಯ ತರಗತಿಯಲ್ಲಿದ್ದಾಗ, 1966ರಲ್ಲಿ, 'ಮಯೂರ'ದ ಒಂದು ಕಥೆಯನ್ನು ಪಂಚಾಯಿತಿ ಕಚೇರಿಯ ರೇಡಿಯೋ ಕೆಳಗೆ ಕುಳಿತು ಓದಿದೆವೆಂದು ಬಹುಕಾಲ ನಂಬಿದ್ದೆವು. ಒಂದೆರಡು ಸಭೆಗಳಲ್ಲಿ ಹೇಳಿಯೂ ಇದ್ದೆವು. ಆದರೆ 'ಮಯೂರ' ಹುಟ್ಟಿದ್ದೇ 1968ರಲ್ಲಿ. ಅದು 1965ರಲ್ಲಿ ಆರಂಭವಾದ 'ಸುಧಾ' ಇದ್ದೀತು, ಅಥವಾ ನಮ್ಮ ತರಗತಿ ಬೇರೆಯಿದ್ದೀತು. ರೇಡಿಯೋ, ಸಂಜೆ, ಕಥೆ ಓದಿ ಮುಗಿಸುವವರೆಗೆ ಎಮ್ಮೆಯನ್ನು ಮರೆತದ್ದು, ಅದಕ್ಕಾಗಿ ತಿಂದ ಏಟು ಇವು ನಿಜ. ವರ್ಷ ಮತ್ತು ಹೆಸರು ಸುಳ್ಳು. ನೆನಪಿನ ದೋಷವು ಬಹುತೇಕ ಈ ಜಾತಿಯದು. ಕಾಲಗಣನೆಗೆ ಅದನ್ನು ಎಂದೂ ನಂಬಬಾರದೆಂದು ನಮ್ಮ ವಿದ್ಯಾರ್ಥಿಗಳಿಗೆ ಹೇಳುವಾಗ ಈ ಉದಾಹರಣೆಯನ್ನೇ ಕೊಡುತ್ತೇವೆ.

ಹಾಗಾದರೆ ಕಡತವನ್ನು ನಂಬಬಹುದೆ? ಕೆಲವು ವರ್ಷಗಳ ಹಿಂದೆ ಆ ಶಾಲೆಯ ಹಳೆಯ ಕಾಗದಗಳ ನಡುವೆ ಬೀರುವಿನ ದಾಸ್ತಾನು ಪುಸ್ತಕವೂ, ಎರವಲು ಕೊಟ್ಟ ವಹಿಯೂ ನಮ್ಮ ಕೈಗೆ ಬಂದವು. ಅಂಚುಗಳನ್ನು ಗೆದ್ದಲು ತಿಂದಿತ್ತು, ಬರಹ ಉಳಿದಿತ್ತು. ನಾವು ಮೊದಲು ಹುಡುಕಿದ್ದು ಶಿವರಾಮ ಕಾರಂತರ 'ಬಾಲಪ್ರಪಂಚ'ವನ್ನು. ಮೂರು ಸಂಪುಟಗಳಲ್ಲಿ 1936ರಲ್ಲಿ ಹೊರಬಂದ ಈ ಮಕ್ಕಳ ವಿಶ್ವಕೋಶವೇ ನಮ್ಮ ಬಾಲ್ಯದ ಅತಿದೊಡ್ಡ ಓದೆಂದು ನಮ್ಮ ನೆನಪು. ದಾಸ್ತಾನಿನಲ್ಲಿ ಅದರ ಒಂದು ಸಂಪುಟದ ಹೆಸರಿತ್ತು. ಎರವಲು ವಹಿಯಲ್ಲಿ ನಮ್ಮ ಹೆಸರಿನ ಮುಂದೆ ಸಣ್ಣ ಕಥೆಪುಸ್ತಕಗಳು ಏಳೆಂಟು ಇದ್ದವು, 'ಬಾಲಪ್ರಪಂಚ' ಇರಲಿಲ್ಲ. ಬೇರೆ ಯಾವ ಹುಡುಗನ ಹೆಸರಿನ ಮುಂದೆಯೂ ಇರಲಿಲ್ಲ. ದಾಸ್ತಾನು ಪುಸ್ತಕದ ಷರಾ ಅಂಕಣವನ್ನು ನೋಡಿದಾಗ ಕಾರಣ ತಿಳಿಯಿತು. ಮೇಷ್ಟರ ಗುಂಡಾದ ಅಕ್ಷರದಲ್ಲಿ, ಕೆಂಪು ಮಸಿಯಲ್ಲಿ, 'ಹೊರಗೆ ಕೊಡತಕ್ಕದ್ದಲ್ಲ' ಎಂದು ಬರೆದಿತ್ತು.

ನಮಗೆ ಮುಖಭಂಗವಾದಂತಾಯಿತು. ಇದೂ ಮಯೂರದ ಕಥೆಯೇ ಆಯಿತೆಂದುಕೊಂಡೆವು. ಕಡತ ಮಾತ್ರ ಉಳಿದು ನಾವು ಉಳಿಯದೆ ಹೋಗಿದ್ದರೆ, ಮುಂದೊಬ್ಬ ಸಂಶೋಧಕನು ಆ ಶಾಲೆಯ ಮಕ್ಕಳಾರೂ ಆ ಗ್ರಂಥವನ್ನು ಓದಲಿಲ್ಲವೆಂದು ಬರೆಯುತ್ತಿದ್ದನು, ಮತ್ತು ಅವನನ್ನು ತಪ್ಪೆನ್ನಲು ಆಧಾರವಿರುತ್ತಿರಲಿಲ್ಲ. ಆದರೆ ಆ ಕೆಂಪು ಮಸಿಯನ್ನು ನೋಡುತ್ತಿದ್ದಂತೆ ಮರೆತಿದ್ದ ಒಂದು ಸಂಗತಿ ನೆನಪಿಗೆ ಬಂದಿತು. ಅದನ್ನು ನಮ್ಮ ಜೊತೆಯಲ್ಲಿ ಓದಿದ ಇಬ್ಬರನ್ನು, ನಾವೇನೂ ಸೂಚಿಸದೆ, ಬೇರೆಬೇರೆಯಾಗಿ ಕೇಳಿ ದೃಢಪಡಿಸಿಕೊಂಡೆವು.

ಅದನ್ನು ಹೇಳುವ ಮೊದಲು ಒಂದು ಮಾತು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 'ಅರಿವು ಕೇಂದ್ರ'ಗಳೆಂಬ ಹೆಸರು ಪಡೆದವು. ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದ್ದ 2020ರಲ್ಲಿ 'ಓದುವ ಬೆಳಕು' ಎಂಬ ಯೋಜನೆಯಿಂದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ದೊರಕಿತು. ಇದು ಸಂತೋಷದ ಸಂಗತಿ. ಆದರೆ ಬೀರುಗಳೂ ಕೊಠಡಿಗಳೂ ಬದಲಾಗುವಾಗ ಹಳೆಯ ವಹಿಗಳು ರದ್ದಿಯ ಪಾಲಾಗುವುದು ಸುಲಭ. ಹಳೆಯ ಓದುಗರಾದರೋ ವರ್ಷಕ್ಕಿಷ್ಟು ಮಂದಿಯಂತೆ ಕಡಿಮೆಯಾಗುತ್ತಿದ್ದಾರೆ. ಈ ಜಿಲ್ಲೆಯ ಕಾಲೇಜುಗಳ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳನ್ನು ರಜಾದಿನಗಳಲ್ಲಿ ತಮ್ಮ ಊರಿನ ವಹಿಗಳನ್ನು ನಕಲು ಮಾಡಲು, ಅವುಗಳಲ್ಲಿ ಹೆಸರಿರುವವರನ್ನು ಹುಡುಕಿ ಮಾತನಾಡಿಸಲು ಹಚ್ಚಬೇಕೆಂದು ಕೋರುತ್ತೇವೆ. ಎರಡು ಕೆಲಸವೂ ಒಟ್ಟಿಗೆ ಆಗಬೇಕು. ಒಂದನ್ನು ಬಿಟ್ಟು ಒಂದನ್ನು ಮಾಡಿದರೆ ಏನಾಗುವುದೆಂಬುದನ್ನು ಮೇಲೆಯೇ ಕಂಡಿದ್ದೇವೆ.

ನೆನಪಿಗೆ ಬಂದ ಸಂಗತಿ ಇದು. ಶನಿವಾರ ಎಲ್ಲರ ಪುಸ್ತಕಗಳನ್ನು ಬರೆದುಕೊಂಡಾದ ಮೇಲೆ ಮೇಷ್ಟರು ಹಾಜರಿ ಲೆಕ್ಕವನ್ನು ಕೂಡಲು ಕುಳಿತುಕೊಳ್ಳುತ್ತಿದ್ದರು. ಬೀರುವಿಗೆ ಆಗಲೇ ಬೀಗ ಹಾಕುತ್ತಿರಲಿಲ್ಲ. ಲೆಕ್ಕ ಮುಗಿಯಲು ಸುಮಾರು ಒಂದು ಗಂಟೆ ಹಿಡಿಯುತ್ತಿತ್ತು. ಆ ಒಂದು ಗಂಟೆ ನಾವು ಮೂವರು ಬೀರುವಿನ ತೆರೆದ ಬಾಗಿಲ ಮರೆಯಲ್ಲಿ ನಿಂತು, ಒಬ್ಬನು ಸಂಪುಟವನ್ನು ಹಿಡಿದು, ಒಬ್ಬನು ಪುಟ ತಿರುವಿ, ಒಬ್ಬನು ಮೆಲ್ಲನೆ ಓದುತ್ತ, ಎರಡು ವರ್ಷ 'ಬಾಲಪ್ರಪಂಚ'ವನ್ನು ಓದಿದೆವು. ಮೇಷ್ಟರು ಒಮ್ಮೆಯೂ ತಿರುಗಿ ನೋಡಲಿಲ್ಲ. ಹಾಜರಿ ಲೆಕ್ಕಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲವೆಂಬುದು, ನಾವೇ ಅಧ್ಯಾಪಕರಾಗಿ ಹಾಜರಿ ಪುಸ್ತಕ ಹಿಡಿದಾಗ ನಮಗೆ ತಿಳಿಯಿತು.