ಒರೆಗಲ್ಲಿಗೆ ಸಿಕ್ಕದ ಖೋಟಾ

ಬೆಳ್ಳಿಯ ರೂಪಾಯಿ ಚಲಾವಣೆಯಲ್ಲಿದ್ದ ಕಾಲದಲ್ಲಿ ನಮ್ಮ ಹಿರಿಯರು ಅದನ್ನು ಕಲ್ಲಿನ ಮೇಲೆ ಟಣ್ಣೆಂದು ಬಡಿದು, ನಾದ ಕೇಳಿ, ಆಮೇಲೆ ಗಂಟು ಕಟ್ಟುತ್ತಿದ್ದರು. ಅವರ ಲೆಕ್ಕ ಸರಿಯಾಗಿಯೇ ಇತ್ತು. ಚಲಾವಣೆಯ ನಾಣ್ಯವನ್ನು ಖೋಟಾ ಮಾಡುವವನು ಬೆಳ್ಳಿಯನ್ನು ಕಡಮೆ ಮಾಡದಿದ್ದರೆ ಅವನಿಗೆ ಗಿಟ್ಟುವುದೇನು? ಮೋಸವೆಲ್ಲ ಲೋಹದಲ್ಲಿ, ಹಾಗಾಗಿ ನಾದಕ್ಕೋ ತಕ್ಕಡಿಗೋ ಒರೆಗಲ್ಲಿಗೋ ಅದು ಸಿಕ್ಕಿಬೀಳುತ್ತಿತ್ತು.

ಪ್ರಾಚೀನ ನಾಣ್ಯದ ಖೋಟಾ ಬೇರೆಯೇ ಜಾತಿಯದು. ಅಲ್ಲಿ ಬೆಲೆ ಬೆಳ್ಳಿಗಲ್ಲ, ಹಳಮೆಗೆ. ಮೂಲಕ್ಕಿಂತ ಒಳ್ಳೆಯ ಬೆಳ್ಳಿಯನ್ನೇ ಹಾಕಿದರೂ ಲಾಭ ನೂರ್ಮಡಿ. ಈ ಸತ್ಯವನ್ನು ಚೆನ್ನಾಗಿ ಅರಿತು ಯುರೋಪಿನ ಪಂಡಿತರನ್ನೂ ದೊರೆಗಳನ್ನೂ ಬಹುಕಾಲ ಏಮಾರಿಸಿದವನು ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕರ್. ಅವನು ಕಂಬಿ ಎಣಿಸಬೇಕಾದ ಬೀದಿಗಳ್ಳನಲ್ಲ. ಹಳೆಯ ನಾಣ್ಯಗಳ ವ್ಯಾಪಾರಿ, ಆ ವಿದ್ಯೆಯನ್ನು ಬಲ್ಲವನು. ಬಲ್ಲವನಾಗಿದ್ದುದೇ ತೊಂದರೆಯಾಯಿತು.

ಬೆಕರ್ ಹುಟ್ಟಿದ್ದು 1772ರಲ್ಲಿ, ರೈನ್ ನದಿಯ ದಡದ ಶ್ಪೈಯರ್ ಪಟ್ಟಣದಲ್ಲಿ. ಮಗ ದ್ರಾಕ್ಷಾರಸದ ವ್ಯಾಪಾರ ಕಲಿಯಲೆಂದು ತಂದೆ ಅವನನ್ನು ಫ್ರಾನ್ಸಿನ ಬೋರ್ಡೋ ನಗರಕ್ಕೆ ಕಳಿಸಿದ. ಊರಿಗೆ ಮರಳಿದ ಮೇಲೆ ಅವನು ದ್ರಾಕ್ಷಾರಸ ಮಾರಿದ, ಬಟ್ಟೆ ಅಂಗಡಿಯನ್ನೂ ಇಟ್ಟ. ಯಾವುದೂ ಕೈಹಿಡಿಯಲಿಲ್ಲ. ಮನಸ್ಸೆಲ್ಲ ಹಳೆಯ ನಾಣ್ಯಗಳ ಕಡೆಗೇ. ಜರ್ಮನಿಯ ಪ್ರತಿಯೊಂದು ಪುಟ್ಟ ಸಂಸ್ಥಾನದ ಅರಮನೆಯಲ್ಲೂ ಒಂದು ನಾಣ್ಯಸಂಗ್ರಹವಿರಬೇಕೆಂಬ ಹುಚ್ಚಿದ್ದ ಕಾಲ ಅದು. ಕೊಳ್ಳುವವರಿಗೆ ಬರವಿರಲಿಲ್ಲ, ಬರವಿದ್ದುದು ಮಾಲಿಗೆ.

ಅವನು ಅಡ್ಡದಾರಿ ಹಿಡಿದುದಕ್ಕೆ ಒಂದು ಕಥೆ ಹೇಳುತ್ತಾರೆ. ಶೆಲ್ಲರ್ಸ್‌ಹೈಮ್ ಎಂಬ ಶ್ರೀಮಂತ ಸಂಗ್ರಾಹಕನೊಬ್ಬ ರೋಮನ್ ಚಕ್ರವರ್ತಿ ಕೊಮೋಡಸನ ಚಿನ್ನದ ನಾಣ್ಯವೆಂದು ಒಂದನ್ನು ಬೆಕರನಿಗೆ ಮಾರಿದನಂತೆ. ಅದು ಖೋಟಾ. ದೂರು ಹೇಳಲು ಹೋದರೆ, ಗೊತ್ತಿಲ್ಲದ ವ್ಯವಹಾರಕ್ಕೆ ಕೈಹಾಕಿದ್ದಕ್ಕೆ ನಿನಗೆ ತಕ್ಕ ಶಾಸ್ತಿಯಾಯಿತೆಂದು ಆ ದೊಡ್ಡ ಮನುಷ್ಯ ನಕ್ಕುಬಿಟ್ಟನಂತೆ. ಆ ಅವಮಾನಕ್ಕೇ ಬೆಕರ್ ಅಚ್ಚು ಕೆತ್ತುವುದನ್ನು ಕಲಿತು, ಕೊನೆಗೆ ತನ್ನ ಖೋಟಾಗಳನ್ನು ಅವನಿಗೇ ದಾಟಿಸಿದನೆಂದು ಕಥೆ ಮುಗಿಯುತ್ತದೆ. ಕೇಳಲು ಸೊಗಸಾಗಿದೆ. ಆದರೆ ಒಬ್ಬನ ಮೇಲಿನ ಸೇಡಿಗೆ ಒಂದೆರಡು ಅಚ್ಚು ಸಾಕು. ಬೆಕರ್ ಕೆತ್ತಿದ ಅಚ್ಚುಗಳು ಮುನ್ನೂರಕ್ಕೂ ಹೆಚ್ಚು.

ಅವನಿಗೆ ಮುಂಚೆ ಖೋಟಾಗಾರರಿರಲಿಲ್ಲವೆಂದಲ್ಲ. ಹೆಚ್ಚಿನವರು ನಿಜ ನಾಣ್ಯದ ಪಡಿಯಚ್ಚು ತೆಗೆದು ಎರಕ ಹೊಯ್ಯುತ್ತಿದ್ದರು. ಎರಕದ ನಾಣ್ಯದ ಅಕ್ಷರಗಳ ಅಂಚು ಮೊಂಡಾಗಿರುತ್ತದೆ, ಮೈಮೇಲೆ ಸಣ್ಣ ಗುಳಿಗಳಿರುತ್ತವೆ. ಪಳಗಿದ ಕಣ್ಣಿಗೆ ತಿಳಿಯುತ್ತದೆ. ಬೆಕರನಾದರೋ ಮ್ಯೂನಿಕ್ಕಿನ ಟಂಕಸಾಲೆಯ ಕುಶಲಿಗಳಿಂದ ವಿದ್ಯೆ ಕಲಿತು, ಗ್ರೀಕರೂ ರೋಮನರೂ ಮಾಡಿದಂತೆ ಉಕ್ಕಿನ ಮೇಲೆ ತಾನೇ ಅಚ್ಚು ಕೆತ್ತಿ ನಾಣ್ಯ ಹೊಡೆದ. ಇದಕ್ಕಿಂತ ಮುಖ್ಯವಾದುದು ಇನ್ನೊಂದು. ಹೊಡೆಯುವುದಕ್ಕೆ ಅವನು ಎಷ್ಟೋ ಸಲ ಹೊಸ ಬೆಳ್ಳಿಯನ್ನು ಬಳಸಲೇ ಇಲ್ಲ. ಅಗ್ಗವಾಗಿ ದೊರೆಯುತ್ತಿದ್ದ ನಿಜವಾದ ಪ್ರಾಚೀನ ನಾಣ್ಯವನ್ನೇ ಅಚ್ಚಿನ ನಡುವೆ ಇಟ್ಟು, ಅದರ ಹಳೆಯ ಮುದ್ರೆ ಅಳಿಯುವಂತೆ ಅಪರೂಪದ ನಾಣ್ಯದ ಮುದ್ರೆಯನ್ನು ಒತ್ತಿದ. ಲೋಹ ಎರಡು ಸಾವಿರ ವರ್ಷದ್ದೇ! ಇನ್ನು ಒರೆಗಲ್ಲು ಏನು ಹೇಳೀತು?

ಉಳಿದದ್ದು ಹೊಸ ಹೊಳಪು ಒಂದೇ. ಅದಕ್ಕೂ ಉಪಾಯವಿತ್ತು. ಕಬ್ಬಿಣದ ಪುಡಿಯನ್ನು ಜಿಡ್ಡಿನೊಡನೆ ಕಲಸಿ ಒಂದು ಪೆಟ್ಟಿಗೆಗೆ ತುಂಬಿ, ಅದರೊಳಗೆ ನಾಣ್ಯಗಳನ್ನು ಹಾಕಿ, ಪೆಟ್ಟಿಗೆಯನ್ನು ತನ್ನ ಕುದುರೆಗಾಡಿಗೆ ಬಿಗಿದು ಫ್ರಾಂಕ್‌ಫರ್ಟಿನ ಸುತ್ತಿನ ಕುಲುಕು ರಸ್ತೆಗಳಲ್ಲಿ ಓಡಿಸುತ್ತಿದ್ದ. ಮನೆಗೆ ಬರುವಷ್ಟರಲ್ಲಿ ನಾಣ್ಯಗಳಿಗೆ ಶತಮಾನಗಳ ಸವಕಲು ಬಂದಿರುತ್ತಿತ್ತು. ನಮ್ಮ ಮುದುಕರನ್ನು ಸವಾರಿಗೆ ಕರೆದೊಯ್ದೆ ಎಂಬರ್ಥದ ಮಾತನ್ನು ಅವನು ತನ್ನ ದಿನಚರಿಯಲ್ಲೇ ಬರೆದಿಟ್ಟಿದ್ದಾನೆ. ಹಾಸ್ಯಪ್ರಜ್ಞೆಗೇನೂ ಕಡಮೆಯಿಲ್ಲ.

ಕೀರ್ತಿಯೂ ಬಂತು. ಆಫೆನ್‌ಬಾಖಿನಲ್ಲಿ ಈಸೆನ್‌ಬುರ್ಗ್ ಸಂಸ್ಥಾನದ ರಾಜ ಅವನನ್ನು ಆಶ್ರಯಿಸಿ ಆಸ್ಥಾನ ಸಲಹೆಗಾರನ ಬಿರುದಿತ್ತ. ಕವಿ ಗಯಟೆ 1816ರಲ್ಲಿ ಪ್ರಕಟಿಸಿದ ಬರಹದಲ್ಲಿ ಈ ಸಲಹೆಗಾರ ಬೆಕರನ ಕಲಾಸಂಗ್ರಹದ ಪ್ರಸ್ತಾಪವಿದೆ.

ಬೆಕರನ ಅಚ್ಚಿನಿಂದ ಹೊರಬಂದವುಗಳಲ್ಲಿ ಗ್ರೀಕ್, ರೋಮನ್ ನಾಣ್ಯಗಳಷ್ಟೇ ಅಲ್ಲದೆ ಸ್ಪೇನನ್ನಾಳಿದ ವಿಸಿಗೋಥ್ ಅರಸರ ಚಿನ್ನದ ನಾಣ್ಯಗಳೂ ಇವೆ. ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಒಬ್ಬ ಧನಿಕ ಹಣ ಕಳೆದುಕೊಂಡರೆ ಅದು ಅವನ ಮನೆಯ ಚಿಂತೆ. ಆದರೆ ನಾಣ್ಯವೆಂಬುದು ಇತಿಹಾಸದ ಸಾಕ್ಷಿ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ವೀಲರ್ ಸಾಹೇಬರು 1947ರಲ್ಲಿ ಉತ್ಖನನ ನಡೆಸಿದಾಗ ದೊರೆತ ರೋಮನ್ ಚಕ್ರವರ್ತಿ ಟೈಬೀರಿಯಸನ ಬೆಳ್ಳಿಯ ನಾಣ್ಯ, ಅಲ್ಲಿನ ಮಣ್ಣಿನ ಪದರಗಳ ಕಾಲ ಗೊತ್ತುಮಾಡಲು ನೆರವಾಯಿತು. ಅದಕ್ಕೆ ಆ ಮಣ್ಣೇ ಜಾಮೀನು. ವ್ಯಾಪಾರಿಯ ಪೆಟ್ಟಿಗೆಯಿಂದ ಬಂದ ನಾಣ್ಯಕ್ಕೆ ಮಣ್ಣಿಲ್ಲ. ವ್ಯಾಪಾರಿಯ ಮಾತೊಂದೇ ಜಾಮೀನು. ಅವನೇ ಸುಳ್ಳಾಡಿದರೆ ಇಲ್ಲದ ನಾಣ್ಯ, ಎಂದೂ ಹೊರಡದ ಮುದ್ರೆ ಪಂಡಿತರ ಗ್ರಂಥಗಳಿಗೆ ನುಗ್ಗುತ್ತದೆ. ಒಂದು ಖೋಟಾ ಹೊಡೆಯಲು ಒಂದು ನಿಜವನ್ನು ಅಳಿಸಿದ್ದು ಇದರ ಮೇಲಿನ ಪಾಪ.

ಗುಟ್ಟು ರಟ್ಟಾದುದು ಹೋಲಿಕೆಯಿಂದ. ಬೇರೆ ಬೇರೆ ಊರಿನ ಸಂಗ್ರಹಗಳಲ್ಲಿ ಒಂದೇ ಅಚ್ಚಿನಿಂದ ಹೊರಟ ಅಪರೂಪದ ನಾಣ್ಯಗಳು ಕಾಣತೊಡಗಿದರೆ ಅನುಮಾನ ಬರಲೇಬೇಕಲ್ಲ! ಇಟಲಿಯ ನಾಣ್ಯತಜ್ಞ ಡೊಮೆನಿಕೊ ಸೆಸ್ಟೀನಿ 1826ರಲ್ಲಿ ಈ ಕಾಲದ ಖೋಟಾಗಾರರನ್ನು ಕುರಿತು ಪುಸ್ತಕವನ್ನೇ ಹೊರಡಿಸಿ ಬೆಕರನನ್ನು ಬಯಲಿಗೆಳೆದ. ಬೆಕರನ ಸಮಾಧಾನ ಏನೆಂದರೆ, ತಾನು ಮಾಡಿದ್ದು ಪ್ರತಿಕೃತಿ. ನಿಜವಾದದ್ದು ಸಿಗದ ಸಂಗ್ರಾಹಕರ ಅನುಕೂಲಕ್ಕೆಂದು ಮಾಡಿದ್ದು. ಅವನ ಕೈಚಳಕಕ್ಕೆ ಮಾರುಹೋದ ಕೆಲವರು ಇದನ್ನು ಒಪ್ಪಿದ್ದೂ ಉಂಟು. ನಮಗೆ ಒಪ್ಪಿಗೆಯಿಲ್ಲ. ಪ್ರತಿಕೃತಿಯೆಂದು ಹೇಳಿ ಮಾರುವ ನಾಣ್ಯವನ್ನು ಕುದುರೆಗಾಡಿಯಲ್ಲಿ ಸವಾರಿ ಮಾಡಿಸುವ ಅಗತ್ಯವೇನಿತ್ತು?

1830ರಲ್ಲಿ ಬೆಕರ್ ಹೋಂಬುರ್ಗಿನಲ್ಲಿ ತೀರಿಕೊಂಡ. ಬ್ರಿಟಿಷ್ ಮ್ಯೂಸಿಯಂನ ನಾಣ್ಯವಿಭಾಗದ ಮುಖ್ಯಸ್ಥರಾಗಿದ್ದ ಜಾರ್ಜ್ ಹಿಲ್ ಅವನ ಮೇಲೆ ಎರಡು ಸಂಪುಟಗಳ ಗ್ರಂಥ ಬರೆದು, ಅಚ್ಚು ಅಚ್ಚಿಗೂ ಸಂಖ್ಯೆ ಕೊಟ್ಟು ಪಟ್ಟಿ ಮಾಡಿದರು. ಅದು 1924–25ರಲ್ಲಿ ಪ್ರಕಟವಾಯಿತು. ಅಚ್ಚುಗಳು ಈಗ ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿವೆ. ಇನ್ನು ನಾಣ್ಯಗಳು ಹರಾಜಿಗೆ ಬಂದಾಗ ಬೆಕರನ ಖೋಟಾ ಎಂದೇ ನಮೂದಿಸಿ, ಹಿಲ್ ಸಾಹೇಬರ ಸಂಖ್ಯೆಯನ್ನೂ ಕಾಣಿಸಿ ಮಾರುತ್ತಾರೆ. ಅವನ್ನು ಹುಡುಕಿಕೊಂಡು ಹೋಗಿ ಕೊಳ್ಳುವವರಿದ್ದಾರೆ. ಸಾಮಾನ್ಯವಾದ ಒಂದು ನಿಜ ರೋಮನ್ ನಾಣ್ಯಕ್ಕಿಂತ ಬೆಕರನ ಸುಳ್ಳಿಗೆ ಎಷ್ಟೋ ಸಲ ಹೆಚ್ಚು ಬೆಲೆ.